ಪಕ್ಕದ ಡಾರ್ಮರ್: 1930ರ ಮನೆಯ ಅಟ್ಟಕ್ಕೆ ಮೆಟ್ಟಿಲು ಹುಡುಕಿದ ಪ್ರಕರಣ

ಲಂಡನ್ನಿನ ವಾಯವ್ಯ ಅಂಚಿನಲ್ಲಿ, ಮೆಟ್ರೋಪಾಲಿಟನ್ ರೈಲು ದಾರಿಯ ಆಚೀಚೆ, ಒಂದೇ ಅಚ್ಚಿನ ಸಾವಿರಾರು ಮನೆಗಳಿವೆ. ಎರಡು ಮಹಾಯುದ್ಧಗಳ ನಡುವೆ ಕಟ್ಟಿದವು. ರೈಲು ಕಂಪನಿ 1915ರಿಂದಲೇ ಈ ಕಡೆಗೆ 'ಮೆಟ್ರೋ-ಲ್ಯಾಂಡ್' ಅಂತ ಹೆಸರಿಟ್ಟು, ಊರಾಚೆ ಮನೆ ಮಾಡಿ, ರೈಲಲ್ಲಿ ಕೆಲಸಕ್ಕೆ ಹೋಗಿ ಎಂದು ಜಾಹೀರಾತು ಮಾಡುತ್ತಿತ್ತು. ಎರಡು ಮನೆಗೆ ನಡುವೆ ಒಂದೇ ಗೋಡೆ, ಹೊರಗಡೆ ಕೆಂಪು ಇಟ್ಟಿಗೆ, ಮುಂದೆ ಬಾಗಿದ ಕಿಟಕಿ, ಮೇಲೆ ಮೂರು ಕಡೆಗೆ ಇಳಿಜಾರಾದ ಹೆಂಚಿನ ಚಾವಣಿ. ಸೆಮಿ ಅಂತ ಕರೆಯುತ್ತಾರೆ. ಹ್ಯಾರೋ, ಪಿನ್ನರ್ ಕಡೆ ಮನೆ ತೆಗೆದುಕೊಂಡ ನಮ್ಮ ಕನ್ನಡದವರಲ್ಲಿ ಬಹಳ ಜನ ಇಂಥ ಮನೆಯಲ್ಲೇ ಇದ್ದಾರೆ.

ಈ ಮನೆಗಳಲ್ಲಿ ಮೂರನೇ ಬೆಡ್‌ರೂಮ್ ಹೆಸರಿಗೆ ಮಾತ್ರ. ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆಗೆಯಲು ಆಗುವುದಿಲ್ಲ. ಮಕ್ಕಳು ಬೆಳೆದರು, ಊರಿಂದ ಅಮ್ಮ ಆರು ತಿಂಗಳು ಬಂದರು ಅಂದ ಕೂಡಲೇ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ಅಲ್ಲಿ ಅಷ್ಟು ದೊಡ್ಡ ಅಟ್ಟ ಸುಮ್ನೆ ಖಾಲಿ ಬಿದ್ದಿದೆ, ಒಂದು ನೀರಿನ ಟ್ಯಾಂಕು ಮತ್ತು ಹಳೇ ಸೂಟ್‌ಕೇಸುಗಳನ್ನು ಹೊತ್ತುಕೊಂಡು.

ಇಲ್ಲಿ ಬರೆಯುತ್ತಿರುವುದು ಅಂಥ ಒಂದೇ ಮನೆಯ ವಿಷಯ. ದಾವಣಗೆರೆ ಕಡೆಯ ದಂಪತಿ, ಇಬ್ಬರು ಮಕ್ಕಳು, ಬಂದು ಹೋಗುವ ಅಮ್ಮ. ನಾನು ಇಂಥ ಮನೆಗಳಿಗೆ ನಕ್ಷೆ ಮಾಡುವವನು. ಇವರು ನನ್ನ ಹತ್ತಿರ ಬಂದಾಗ ಕೈಯಲ್ಲಿ ಆಗಲೇ ಒಂದು ನಕ್ಷೆ ಇತ್ತು, ಅದನ್ನು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ತಿರಸ್ಕರಿಸಿದ ಪತ್ರವೂ ಇತ್ತು.

ಮನೆ ಹೇಗಿತ್ತು

ಅಗಲ 6 ಮೀಟರ್, ಮುಂದಿನಿಂದ ಹಿಂದಕ್ಕೆ 8 ಮೀಟರ್. ಮೊದಲ ಮಹಡಿಯ ಸೀಲಿಂಗ್‌ನಿಂದ ಚಾವಣಿಯ ನೆತ್ತಿಗೆ 2.9 ಮೀಟರ್. ಈ ಕೊನೆಯ ಅಳತೆ ಕೇಳಿದರೆ ಯಾವ ಬಿಲ್ಡರ್ ಆದರೂ ಖುಷಿಪಡುತ್ತಾನೆ. 2.2 ಇದ್ದರೂ ಸಾಕು ಅನ್ನುವವರಿದ್ದಾರೆ. ಹಾಗಾಗಿ ಎತ್ತರದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಎತ್ತರ ಎಲ್ಲಿದೆ ಅನ್ನುವುದರಲ್ಲಿ.

ಚಾವಣಿಯ ಇಳಿಜಾರು ಸುಮಾರು 36 ಡಿಗ್ರಿ. ಮುಂದೆ, ಹಿಂದೆ, ಪಕ್ಕಕ್ಕೆ, ಮೂರೂ ಕಡೆಗೆ ಒಂದೇ ಇಳಿಜಾರು. ನಾಲ್ಕನೇ ಕಡೆ ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆ. ಅಂದರೆ 2.9 ಮೀಟರ್ ಎತ್ತರ ಸಿಗುವುದು ಆ ಹಂಚಿಕೆ ಗೋಡೆಯಿಂದ ಬರೀ 2 ಮೀಟರ್ ದೂರದವರೆಗೆ, ಅದೂ ಮನೆಯ ನಟ್ಟನಡುವೆ. ಅಲ್ಲಿಂದ ಹೊರಗೋಡೆ ಕಡೆ ನಡೆದರೆ ಚಾವಣಿ ಇಳಿಯುತ್ತಾ ಬಂದು ಕೊನೆಗೆ ತಲೆಗೆ ಅಲ್ಲ, ಮೊಣಕಾಲಿಗೆ ತಾಗುತ್ತದೆ.

ಈಗ ಕೆಳಗೆ ನೋಡಿ. ಇಂಥ ಮನೆಗಳಲ್ಲಿ ಮೆಟ್ಟಿಲು ಎಲ್ಲಿರುತ್ತದೆ? ಮುಂಬಾಗಿಲು ತೆಗೆದರೆ ಹಾಲ್, ಅದರ ಪಕ್ಕದಲ್ಲೇ, ಹೊರಗೋಡೆಗೆ ಅಂಟಿಕೊಂಡು. ಅಟ್ಟಕ್ಕೆ ಹೋಗುವ ಹೊಸ ಮೆಟ್ಟಿಲನ್ನು ಹಳೇ ಮೆಟ್ಟಿಲಿನ ತಲೆಯ ಮೇಲೇ ಹಾಕಿದರೆ ಕೆಳಗಿನ ಯಾವ ರೂಮೂ ಹಾಳಾಗುವುದಿಲ್ಲ. ಬೇರೆ ಎಲ್ಲಿ ಹಾಕಿದರೂ ಒಂದು ಬೆಡ್‌ರೂಮಿನ ಅರ್ಧ ಹೋಗುತ್ತದೆ. ಒಂದು ರೂಮ್ ಕಳೆದು ಒಂದು ರೂಮ್ ಕಟ್ಟುವುದು ಯಾಕೆ, ಅಲ್ವಾ? ಆದರೆ ಹಳೇ ಮೆಟ್ಟಿಲಿನ ಮೇಲೆ ಸರಿಯಾಗಿ ಪಕ್ಕದ ಇಳಿಜಾರು ಬಂದು ಕೂತಿದೆ. ಎತ್ತರ ಇರುವ ಕಡೆ ಮೆಟ್ಟಿಲು ಬೇಡ, ಮೆಟ್ಟಿಲು ಬೇಕಾದ ಕಡೆ ಎತ್ತರ ಇಲ್ಲ.

ಪಕ್ಕದ ಡಾರ್ಮರ್ ಹುಟ್ಟುವುದೇ ಇದಕ್ಕೆ. ಇಳಿಜಾರನ್ನು ಕತ್ತರಿಸಿ ಹೊರಗೋಡೆಯ ಮೇಲೆ ನೆಟ್ಟಗೆ ಒಂದು ಗೋಡೆ ಎಬ್ಬಿಸಿ, ಮೇಲೆ ಚಪ್ಪಟೆ ಚಾವಣಿ ಹಾಕಿದ ಒಂದು ಪೆಟ್ಟಿಗೆ. ಜನ ಅದನ್ನು ರೂಮಿಗೆ ಅಂತ ತಿಳಿದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಮೆಟ್ಟಿಲಿಗೆ. ಆದ್ದರಿಂದ ಮೊದಲು ಮೆಟ್ಟಿಲು ಬರೆಯಬೇಕು, ಆಮೇಲೆ ಚಾವಣಿ. ಈ ಮನೆಯ ಮೊದಲ ನಕ್ಷೆಯಲ್ಲಿ ಕ್ರಮ ಉಲ್ಟಾ ಆಗಿತ್ತು. ನೋಡಲು ಚೆಂದ ಅಂತ ಡಾರ್ಮರನ್ನು ಪಕ್ಕದ ಇಳಿಜಾರಿನ ಸರಿ ಮಧ್ಯದಲ್ಲಿ ಕೂರಿಸಿ, ಮೆಟ್ಟಿಲನ್ನು ಅದರೊಳಗೆ ಹೇಗೋ ತುರುಕಿದ್ದರು.

ತಿರಸ್ಕಾರದ ಪತ್ರ

ಇಂಗ್ಲೆಂಡಿನಲ್ಲಿ ಅಟ್ಟವನ್ನು ರೂಮ್ ಮಾಡಲು ಹೆಚ್ಚಿನ ಸಲ ಪ್ಲಾನಿಂಗ್ ಅನುಮತಿ ಬೇಕಿಲ್ಲ. 2015ರ ಪರ್ಮಿಟೆಡ್ ಡೆವಲಪ್‌ಮೆಂಟ್ ಆದೇಶದಲ್ಲಿ ಕ್ಲಾಸ್ ಬಿ ಅಂತ ಒಂದು ಭಾಗವಿದೆ. ಅದರ ಷರತ್ತುಗಳೊಳಗೆ ಇದ್ದರೆ ಸಾಕು. ಸಾಲುಮನೆಗೆ 40 ಘನ ಮೀಟರ್, ಸೆಮಿ ಅಥವಾ ಒಂಟಿ ಮನೆಗೆ 50 ಘನ ಮೀಟರ್‌ವರೆಗೆ ಚಾವಣಿ ಹಿಗ್ಗಿಸಬಹುದು. ಹಿಂದಿನ ಮಾಲೀಕರು ಹಿಗ್ಗಿಸಿದ್ದರೆ ಅದೂ ಈ ಲೆಕ್ಕಕ್ಕೇ ಸೇರುತ್ತದೆ. ಈಗಿರುವ ನೆತ್ತಿಗಿಂತ ಮೇಲೆ ಹೋಗಬಾರದು. ಹೊರಗಿನ ಸಾಮಾನು ಹಳೇ ಮನೆಯದಕ್ಕೆ ಹೋಲಬೇಕು. ಸೂರಿನ ಅಂಚಿನಿಂದ ಆದಷ್ಟು 20 ಸೆಂಟಿಮೀಟರ್ ಹಿಂದೆ ಇರಬೇಕು. ಸಂರಕ್ಷಿತ ಪ್ರದೇಶದಲ್ಲಿ ಮನೆ ಇದ್ದರೆ ಈ ದಾರಿಯೇ ಇಲ್ಲ.

ಇನ್ನೊಂದು ಷರತ್ತಿದೆ, ಪಕ್ಕದ ಡಾರ್ಮರ್‌ಗಳು ಬೀಳುವುದು ಅಲ್ಲೇ. ರಸ್ತೆಗೆ ಎದುರಾದ ಮುಂದಿನ ಇಳಿಜಾರು ಇದೆಯಲ್ಲ, ಅದರ ಮೇಲ್ಮೈಯನ್ನು ದಾಟಿ ಯಾವುದೂ ಹೊರಗೆ ಬರಕೂಡದು.

'ನಾವು ಮುಂದೆ ಏನೂ ಕಟ್ಟಿಲ್ಲವಲ್ಲ ಸರ್, ಎಲ್ಲ ಪಕ್ಕದಲ್ಲೇ ಇದೆ' ಅಂತ ಮನೆಯಾಕೆ ಕೇಳಿದರು. ಸರಿಯಾದ ಪ್ರಶ್ನೆಯೇ. ನೆಲದ ಮೇಲಿನ ನಕ್ಷೆ ನೋಡಿದರೆ ಅವರು ಹೇಳಿದಂತೆಯೇ ಕಾಣುತ್ತದೆ. ಆದರೆ ಪಕ್ಕದ ಇಳಿಜಾರು ಒಂದು ತ್ರಿಕೋನ. ಕೆಳಗೆ ಸೂರಿನಲ್ಲಿ 8 ಮೀಟರ್ ಅಗಲ, ಮೇಲೆ ಹೋದಂತೆ ಕಿರಿದಾಗಿ ನೆತ್ತಿಯಲ್ಲಿ ಒಂದು ಬಿಂದು. ಡಾರ್ಮರ್‌ನ ಪೆಟ್ಟಿಗೆ ಮಾತ್ರ ಕೆಳಗಿನಿಂದ ಮೇಲಿನವರೆಗೆ ಒಂದೇ ಅಗಲ, 2.4 ಮೀಟರ್. ಅದರ ಚಪ್ಪಟೆ ಚಾವಣಿ ಮೊದಲ ಮಹಡಿಯ ಸೀಲಿಂಗ್‌ನಿಂದ 2.8 ಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಪಕ್ಕದ ಇಳಿಜಾರಿನ ಅಗಲ ಎಷ್ಟು ಉಳಿದಿರುತ್ತದೆ? 30 ಸೆಂಟಿಮೀಟರೂ ಇಲ್ಲ. ಉಳಿದದ್ದೆಲ್ಲ ಎರಡೂ ಮೂಲೆಗಳನ್ನು ದಾಟಿ, ಅರ್ಧ ಹಿಂದಿನ ಇಳಿಜಾರಿನ ಮೇಲೆ, ಅರ್ಧ ಮುಂದಿನ ಇಳಿಜಾರಿನ ಮೇಲೆ ಚಾಚಿಕೊಂಡಿರುತ್ತದೆ. ಮೊದಲ ನಕ್ಷೆಯಲ್ಲಿ ಪೆಟ್ಟಿಗೆಯ ಮೇಲಿನ ಮೂಲೆ ಮುಂದಿನ ಇಳಿಜಾರನ್ನು ಒಂದು ಮೀಟರ್‌ಗಿಂತ ಜಾಸ್ತಿ ದಾಟಿತ್ತು.

ಇದನ್ನು ಕಾಗದದ ಮೇಲೆ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಅವರ ಮನೆಯ ಎದುರು ಫುಟ್‌ಪಾತಿನಲ್ಲಿ ನಿಂತು ಮೂಲೆಯ ಹೆಂಚಿನ ಗೆರೆ ತೋರಿಸಿದೆ. 'ಡಾರ್ಮರ್‌ನ ಯಾವ ತುದಿಯೂ ಆ ಗೆರೆಯಿಂದ ಈಚೆಗೆ, ನಮ್ಮ ಕಡೆಗೆ, ಬರಬಾರದು' ಅಂದೆ. ಆಗ ಅರ್ಥವಾಯಿತು.

ಕೌನ್ಸಿಲ್ ಮಾಡಿದ್ದು ಸರಿಯೇ. ತಪ್ಪು ನಕ್ಷೆಯದು. ಒಂದು ಒಳ್ಳೆಯ ಕೆಲಸ ಅಂದರೆ, ಇವರು ಕೆಲಸ ಶುರು ಮಾಡುವ ಮೊದಲು ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್‌ಗೆ, ಅಂದರೆ ಕಟ್ಟಲು ಹೊರಟದ್ದು ನಿಯಮದೊಳಗಿದೆ ಅಂತ ಕೌನ್ಸಿಲ್ ಕೊಡುವ ಪತ್ರಕ್ಕೆ, ಅರ್ಜಿ ಹಾಕಿದ್ದರು. ಇದು ಕಡ್ಡಾಯವಲ್ಲ. ನಿಯಮದೊಳಗೇ ಇದ್ದೇವೆ ಅಂತ ನಂಬಿ ನೇರವಾಗಿ ಕಟ್ಟುವವರೂ ಇದ್ದಾರೆ. ಹಾಗೆ ಕಟ್ಟಿಬಿಟ್ಟಿದ್ದರೆ ಆ ಒಂದು ಮೀಟರ್‌ಗೋಸ್ಕರ ಹೆಂಚು, ತೊಲೆ ಎಲ್ಲ ಕೀಳಿಸುವ ನೋಟಿಸ್ ಬರಬಹುದಿತ್ತು. 2024ರಲ್ಲಿ ಈ ಸರ್ಟಿಫಿಕೇಟ್‌ನ ಶುಲ್ಕ 129 ಪೌಂಡ್, ಪೂರ್ತಿ ಪ್ಲಾನಿಂಗ್ ಅರ್ಜಿಯ ಅರ್ಧ. 2025ರ ಏಪ್ರಿಲ್‌ನಿಂದ ಎರಡೂ ದುಪ್ಪಟ್ಟು ದಾಟಿವೆ. ಆದರೂ ನಾನು ಎಲ್ಲರಿಗೂ ಹಾಕಿ ಅಂತಲೇ ಹೇಳುತ್ತೇನೆ. ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು.

ಗೇಬಲ್ ಮಾಡಿಬಿಡೋಣ್ವಾ?

ಯಜಮಾನರಿಗೆ ಇನ್ನೊಂದು ಯೋಚನೆ ಇತ್ತು. ರಸ್ತೆಯಲ್ಲಿ ನಾಲ್ಕಾರು ಮನೆಯವರು ಪಕ್ಕದ ಇಳಿಜಾರನ್ನೇ ತೆಗೆದುಹಾಕಿ, ಹೊರಗೋಡೆಯನ್ನು ನೆತ್ತಿಯವರೆಗೆ ನೆಟ್ಟಗೆ ಎಬ್ಬಿಸಿದ್ದರು. ಹಿಪ್-ಟು-ಗೇಬಲ್ ಅನ್ನುತ್ತಾರೆ. ಆಗ ಮೆಟ್ಟಿಲಿಗೂ ಜಾಗ, ರೂಮಿಗೂ ಜಾಗ.

ನಿಜ ಹೇಳಬೇಕೆಂದರೆ ಜಾಗದ ದೃಷ್ಟಿಯಿಂದ ಅದೇ ಮೇಲು. ಗೇಬಲ್‌ನಿಂದ ಹೆಚ್ಚುವ ಘನ ಅಳತೆ ಲೆಕ್ಕ ಹಾಕುವುದು ಸುಲಭ: ಮನೆಯ ಆಳ, ನೆತ್ತಿಯ ಎತ್ತರ, ಪಕ್ಕದ ಇಳಿಜಾರಿನ ಅಡ್ಡ ಉದ್ದ, ಮೂರನ್ನೂ ಗುಣಿಸಿ ಆರರಿಂದ ಭಾಗಿಸಿದರೆ ಆಯಿತು. ಇಲ್ಲಿ 8, 2.9, 4. ಹದಿನೈದೂವರೆ ಘನ ಮೀಟರ್ ಬರುತ್ತದೆ. ಹಿಂದೆ ಪೂರ್ತಿ ಅಗಲದ ಡಾರ್ಮರ್ ಸೇರಿಸಿದರೂ 41ರ ಹತ್ತಿರ. 50 ದಾಟುವುದಿಲ್ಲ. ಮುಂದಿನ ಇಳಿಜಾರಿನ ಸಮಸ್ಯೆಯೂ ಇಲ್ಲ, ಯಾಕೆಂದರೆ ಗೇಬಲ್ ಅದೇ ಇಳಿಜಾರನ್ನು ಪಕ್ಕಕ್ಕೆ ಮುಂದುವರಿಸುತ್ತದೆ, ಅದರಿಂದ ಹೊರಗೆ ಬರುವುದಿಲ್ಲ.

ಹಾಗಾದರೆ ಯಾಕೆ ಬೇಡ ಅಂದೆವು? ಇವರಿಗೆ ಬೇಕಿದ್ದದ್ದು ಒಂದು ಬೆಡ್‌ರೂಮ್, ಒಂದು ಶವರ್. ಹಿಂದಿನ ಡಾರ್ಮರ್ ಒಂದೇ ಅಷ್ಟು ಜಾಗ ಕೊಡುತ್ತಿತ್ತು. ಮೆಟ್ಟಿಲಿನ ಮೇಲೆ ತಲೆಗೆ ಜಾಗ ಸಿಕ್ಕರೆ ಕೆಲಸ ಮುಗಿಯಿತು. ಅದಕ್ಕಾಗಿ ಇಡೀ ಪಕ್ಕವನ್ನು ಬಿಚ್ಚಿ, ಎರಡಂತಸ್ತಿನ ಮೇಲೆ ಹೊಸ ಗೋಡೆ ಕಟ್ಟಿ, ಮುಂದಿನ ಹೆಂಚನ್ನೆಲ್ಲ ಹೊಂದಿಸುವುದಕ್ಕೆ ಆಗುವ ಹೆಚ್ಚಿನ ಖರ್ಚು ಇವರ ಕೈಗೆ ಭಾರ. ಮೂರು ರೂಮ್ ಬೇಕು ಅಂದಿದ್ದರೆ ನಾನೇ ಗೇಬಲ್ ಅನ್ನುತ್ತಿದ್ದೆ. ನೋಟದ ವಿಷಯದಲ್ಲಿ ಎರಡೂ ಅಷ್ಟಕ್ಕಷ್ಟೇ. ಜೋಡಿ ಮನೆಯಲ್ಲಿ ಒಂದರ ತಲೆ ಮಾತ್ರ ಬದಲಾದರೆ ಇನ್ನೊಂದು ವಾರೆಯಾಗಿ ಕಾಣುತ್ತದೆ.

ಮೆಟ್ಟಿಲು, ಸೆಂಟಿಮೀಟರ್ ಲೆಕ್ಕದಲ್ಲಿ

ಮೊದಲ ಮಹಡಿಯ ನೆಲದಿಂದ ಅಟ್ಟದ ಹೊಸ ನೆಲಕ್ಕೆ 2.7 ಮೀಟರ್. ಮನೆಯೊಳಗಿನ ಮೆಟ್ಟಿಲು ಒಂದೊಂದೂ 220 ಮಿಲಿಮೀಟರ್‌ಗಿಂತ ಎತ್ತರ ಇರಬಾರದು, ಕಾಲಿಡುವ ಜಾಗ 220ಕ್ಕಿಂತ ಕಡಿಮೆ ಇರಬಾರದು, ಇಳಿಜಾರು 42 ಡಿಗ್ರಿ ದಾಟಬಾರದು. ಮೂರನ್ನೂ ಒಟ್ಟಿಗೆ ಪಾಲಿಸಬೇಕು. ಎತ್ತರವೂ 220, ಕಾಲಿಡುವ ಜಾಗವೂ 220 ಅಂತ ಮಾಡಿದರೆ 45 ಡಿಗ್ರಿ ಆಗಿ ಫೇಲ್. ನಾವು 208 ಎತ್ತರದ ಹದಿಮೂರು ಏರು ಮಾಡಿದೆವು, ಕಾಲಿಡಲು 231. ಸರಿಯಾಗಿ 42 ಡಿಗ್ರಿ.

ಇನ್ನು ತಲೆಗೆ ಜಾಗ. ನಿಯಮ 2 ಮೀಟರ್ ಅನ್ನುತ್ತದೆ. ಅಟ್ಟದ ಕೆಲಸಕ್ಕೆ ಮಾತ್ರ ಸ್ವಲ್ಪ ರಿಯಾಯಿತಿ ಇದೆ: ಮೆಟ್ಟಿಲಿನ ಅಗಲದ ಮಧ್ಯದಲ್ಲಿ 1.9 ಇದ್ದು, ಒಂದು ಬದಿಗೆ 1.8ಕ್ಕೆ ಇಳಿದರೂ ಒಪ್ಪುತ್ತಾರೆ. ಈಗಿರುವ ಇಳಿಜಾರಿನ ಕೆಳಗೆ ಎಷ್ಟು ಮೆಟ್ಟಿಲು ಹತ್ತಬಹುದು ಅಂತ ಲೆಕ್ಕ ಹಾಕಿದಾಗ ಉತ್ತರ ಮೂರು. ನಾಲ್ಕನೇ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಡಾರ್ಮರ್ ಶುರುವಾಗಿರಲೇಬೇಕು, ಇಲ್ಲವಾದರೆ ಹಣೆ ತಾಗುತ್ತದೆ.

ಆಚೆ ಕಡೆ, ಮುಂದಿನ ಇಳಿಜಾರನ್ನು ದಾಟಬಾರದು ಅನ್ನುವ ಷರತ್ತಿನ ಲೆಕ್ಕದಲ್ಲಿ, ಡಾರ್ಮರ್ ಮುಂದಿನ ಗೋಡೆಯಿಂದ 3.86 ಮೀಟರ್ ಒಳಗೆ ಶುರುವಾಗುವಂತಿಲ್ಲ. ಈ ಎರಡರ ನಡುವೆ ಮೆಟ್ಟಿಲನ್ನು ಹೊಂದಿಸಬೇಕು. ಡಾರ್ಮರನ್ನು 1.1 ಮೀಟರ್ ಹಿಂದಕ್ಕೆ ಸರಿಸಿದೆವು. ಅದರ ಜೊತೆ ಮೆಟ್ಟಿಲೂ ಹಿಂದೆ ಹೋಯಿತು. ಹೋದ ಮೇಲೆ ಅದರ ತುದಿಯಲ್ಲಿ ನಿಲ್ಲಲು ಜಾಗ ಸಾಲಲಿಲ್ಲ. ಅದಕ್ಕೆ ಮೇಲಿನ ಮೂರು ಮೆಟ್ಟಿಲನ್ನು ಮೂಲೆಯಲ್ಲಿ ಬೀಸಣಿಗೆ ಹಾಗೆ ತಿರುಗಿಸಿ, ಹತ್ತುವವರು ನೇರ ನೆತ್ತಿಯ ಕೆಳಗೆ, ರೂಮಿನ ಕಡೆ ಮುಖ ಮಾಡಿ ಬರುವಂತೆ ಮಾಡಿದೆವು. ಕೆಳಗೆ ಮುಂದಿನ ಪುಟ್ಟ ರೂಮಿನ ಬಾಗಿಲು ಒಂದಡಿ ಸರಿಯಿತು.

ಅಗಲ 80 ಸೆಂಟಿಮೀಟರ್. ಮನೆಯೊಳಗಿನ ಮೆಟ್ಟಿಲಿಗೆ ಕನಿಷ್ಠ ಅಗಲ ಇಷ್ಟೇ ಅಂತ ನಿಯಮ ಇಲ್ಲ, 60 ಮಾಡುವವರೂ ಇದ್ದಾರೆ. ಮಂಚ, ಬೀರು ಹೇಗೆ ಹೋಗುತ್ತದೆ ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇರುವುದಿಲ್ಲ.

ಹಿಂದಕ್ಕೆ ಸರಿದ ಡಾರ್ಮರ್ ಹಿಂದಿನ ಮೂಲೆಯನ್ನು ದಾಟಿ ಹಿಂದಿನ ಡಾರ್ಮರ್ ಜೊತೆ ಕೂಡಿಕೊಂಡಿತು. ಹಿಂದಿನ ಇಳಿಜಾರು ರಸ್ತೆಗೆ ಎದುರಲ್ಲ, ಆ ಕಡೆ ಎಷ್ಟು ದಾಟಿದರೂ ಕೇಳುವವರಿಲ್ಲ. ಎರಡೂ ಸೇರಿ ಸುಮಾರು 29 ಘನ ಮೀಟರ್. ಎರಡನೇ ಸಲ ಸರ್ಟಿಫಿಕೇಟ್ ತಕರಾರಿಲ್ಲದೆ ಬಂತು.

ಪಕ್ಕದ ಕಿಟಕಿಗೆ ಎರಡು ಕಟ್ಟುಪಾಡು. ಅದು ನೆರೆಮನೆಯ ಮೆಟ್ಟಿಲ ಕಿಟಕಿಗೆ ನೇರ ಎದುರು. ಗಾಜು ಮಬ್ಬಾಗಿರಬೇಕು, ತೆರೆಯುವ ಭಾಗ ಕಾಲಿಟ್ಟ ಮಟ್ಟದಿಂದ 1.7 ಮೀಟರ್‌ಗಿಂತ ಮೇಲಿರಬೇಕು. ಇಲ್ಲವೇ ತೆರೆಯಲೇಬಾರದು. ಮೆಟ್ಟಿಲ ಮೇಲಿನ ಕಿಟಕಿಯಾದರೆ ಕಿಟಕಿಯ ಮಧ್ಯಭಾಗದ ನೇರ ಕೆಳಗಿರುವ ಮೆಟ್ಟಿಲಿಂದ ಈ ಅಳತೆ. ಇನ್ನೊಂದು ಬೆಂಕಿಯ ವಿಷಯ. ಪಕ್ಕದ ಓಣಿ 90 ಸೆಂಟಿಮೀಟರ್ ಅಗಲ, ಅದರಾಚೆ ಗಡಿ. ಗಡಿಯಿಂದ ಒಂದು ಮೀಟರ್ ಒಳಗಿನ ಗೋಡೆ ಅರ್ಧ ಗಂಟೆ ಬೆಂಕಿ ತಡೆಯಬೇಕು, ಅದರಲ್ಲಿ ಮಾಮೂಲಿ ಕಿಟಕಿ 1 ಚದರ ಮೀಟರ್ ದಾಟುವಂತಿಲ್ಲ. ಹಾಗಾಗಿ ಹೊರಗೆ ನೇತುಹಾಕಿದ ಹೆಂಚಿನ ಹಿಂದೆ ಸಿಮೆಂಟ್ ಬೋರ್ಡ್ ಬಂತು. ಕಿಟಕಿ ಚಿಕ್ಕದಾಯಿತು.

ಅಟ್ಟಕ್ಕೋಸ್ಕರ ಕೆಳಗಿನ ಮನೆ

ಇವರು ಕನಸಿನಲ್ಲೂ ಎಣಿಸದ ಖರ್ಚು ಬಂದದ್ದು ನೆಲಮಹಡಿಯಲ್ಲಿ. ಹಿಂದಿನ ಮಾಲೀಕರು ಹಾಲ್ ಮತ್ತು ಮುಂದಿನ ರೂಮಿನ ನಡುವಿನ ಗೋಡೆ ಒಡೆದು ಒಂದೇ ದೊಡ್ಡ ಜಾಗ ಮಾಡಿದ್ದರು. ಮನೆ ತೆಗೆದುಕೊಳ್ಳುವಾಗ ಇವರಿಗೆ ಇಷ್ಟವಾದದ್ದೇ ಅದು.

ಎರಡಂತಸ್ತಿನ ಮನೆಯಲ್ಲಿ ಬೆಂಕಿ ಬಿದ್ದರೆ ಮೇಲಿನ ಕಿಟಕಿಯಿಂದ ಹೇಗೋ ಇಳಿಯಬಹುದು. ಮೇಲಿನ ನೆಲ 4.5 ಮೀಟರ್‌ಗಿಂತ ಎತ್ತರಕ್ಕೆ ಹೋದರೆ ಕಿಟಕಿಯನ್ನು ದಾರಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೆಟ್ಟಿಲೊಂದೇ ದಾರಿ. ಅದು ಅಟ್ಟದಿಂದ ಮುಂಬಾಗಿಲಿನವರೆಗೆ ಅರ್ಧ ಗಂಟೆ ಬೆಂಕಿ ತಡೆಯುವ ಗೋಡೆಗಳ ನಡುವೆ ಇರಬೇಕು. ಅದಕ್ಕೆ ತೆರೆದುಕೊಳ್ಳುವ ಪ್ರತಿ ರೂಮಿಗೂ ಬೆಂಕಿ ಬಾಗಿಲು ಇರಬೇಕು. ಮೆಟ್ಟಿಲು ಸೀದಾ ಲಿವಿಂಗ್ ರೂಮಿಗೆ ಇಳಿದರೆ, ಸೋಫಾಕ್ಕೆ ಬೆಂಕಿ ತಗುಲಿದ ಹೊತ್ತಿನಲ್ಲಿ ಮೇಲೆ ಮಲಗಿದವರು ಎಲ್ಲಿಗೆ ಹೋಗಬೇಕು? ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾಕಿಸಿ ತೆರೆದ ಜಾಗ ಉಳಿಸಿಕೊಳ್ಳುವ ದಾರಿಯೂ ಇದೆ. ದುಡ್ಡು ಕೇಳಿ ಇವರು ಗೋಡೆಯೇ ಸಾಕು ಅಂದರು. ಒಡೆದ ಗೋಡೆ ಮತ್ತೆ ಎದ್ದಿತು.

ಬಾಗಿಲುಗಳದು ಇನ್ನೊಂದು ಕಥೆ. ಆ ಕಾಲದ ಮರದ ಬಾಗಿಲುಗಳು, ಗಟ್ಟಿ ಚೌಕಟ್ಟು, ಒಳಗೆ ತೆಳು ಹಲಗೆ. ಬೆಂಕಿ ಮೊದಲು ಆ ತೆಳು ಹಲಗೆಯಲ್ಲೇ ನುಗ್ಗುತ್ತದೆ. ನಿಯಮಕ್ಕೆ 20 ನಿಮಿಷ ತಡೆಯುವ ಬಾಗಿಲು ಸಾಕು, ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 30ರದ್ದು. ಒಂದೊಂದೂ ಇಬ್ಬರು ಹಿಡಿದು ಎತ್ತುವ ತೂಕ. ಆಗ ದಾವಣಗೆರೆಯಿಂದ ಬಂದಿದ್ದ ಅಮ್ಮ ಹಳೇ ಬಾಗಿಲುಗಳು ಹೊರಗೆ ಸ್ಕಿಪ್ಪಿನಲ್ಲಿ, ಕಸದ ದೊಡ್ಡ ತೊಟ್ಟಿಯಲ್ಲಿ, ಬಿದ್ದದ್ದು ನೋಡಿ, 'ಏನಪ್ಪಾ, ಅಟ್ಟಕ್ಕೆ ರೂಮ್ ಮಾಡ್ತೀನಿ ಅಂದು ಕೆಳಗಿನ ಬಾಗ್ಲೆಲ್ಲಾ ಕಿತ್ತು ಹಾಕ್ಸಿದೀಯಲ್ಲ?' ಅಂತ ಮಗನನ್ನು ತರಾಟೆಗೆ ತೆಗೆದುಕೊಂಡರು. ಎರಡು ಬಾಗಿಲು ಅವರ ಒತ್ತಾಯಕ್ಕೆ ಹಿತ್ತಲ ಶೆಡ್ಡಿಗೆ ಹೋದವು. ಪ್ರತಿ ಮಹಡಿಗೂ ಕರೆಂಟಿನ ಹೊಗೆ ಅಲಾರಂ ಬಂತು, ಒಂದು ಕೂಗಿದರೆ ಎಲ್ಲವೂ ಕೂಗುವ ಹಾಗೆ. ಒಗ್ಗರಣೆ ಹೊಗೆಗೆ ಅದು ಕೂಗುತ್ತಾ ಅನ್ನುವುದು ಎಲ್ಲ ಕನ್ನಡ ಮನೆಯವರೂ ಕೇಳುವ ಪ್ರಶ್ನೆ. ಅಡುಗೆಮನೆಯಲ್ಲಿ ಹೊಗೆಯದ್ದಲ್ಲ, ಶಾಖದ ಅಲಾರಂ ಹಾಕುತ್ತೇವೆ. ಹಾಲ್ ಬಾಗಿಲು ಮುಚ್ಚಿದ್ದರೆ ತೊಂದರೆ ಇಲ್ಲ.

ನೆರೆಯವರು, ತೊಲೆಗಳು

ಅಟ್ಟದ ಹೊಸ ನೆಲ ಹಳೇ ಜಂತಿಗಳ ಮೇಲೆ ನಿಲ್ಲುವುದಿಲ್ಲ. ಅವು ಸೀಲಿಂಗ್ ಹೊರಲಷ್ಟೇ ಹಾಕಿದ ನಾಲ್ಕಿಂಚಿನ ಮರ. ಹಂಚಿಕೆ ಗೋಡೆಯಿಂದ ಹೊರಗೋಡೆಗೆ ಉಕ್ಕಿನ ತೊಲೆ ಹಾಕಿ, ಅದರ ನಡುವೆ ಹೊಸ ಜಂತಿ ಕೂರಿಸಬೇಕು. ಹಂಚಿಕೆ ಗೋಡೆಯಲ್ಲಿ ತೊಲೆ ಕೂರಿಸಲು ತೂತು ಮಾಡಬೇಕಾದರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಪಕ್ಕದವರಿಗೆ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಅವರು 14 ದಿನದಲ್ಲಿ ಒಪ್ಪಿಗೆ ಬರೆದುಕೊಡದಿದ್ದರೆ ಒಪ್ಪಲಿಲ್ಲ ಅಂತಲೇ ಅರ್ಥ. ಸುಮ್ಮನಿದ್ದರೆ ಸಮ್ಮತಿ ಅಂತ ನಮ್ಮಲ್ಲಿ ಅಂದುಕೊಳ್ಳುತ್ತೇವೆ, ಇಲ್ಲಿ ತದ್ವಿರುದ್ಧ.

ಪಕ್ಕದಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು. ಜಗಳವೇನೂ ಇಲ್ಲ, ದೀಪಾವಳಿಗೆ ಸಿಹಿ ಹೋಗುತ್ತದೆ. ಆದರೂ ಕಾನೂನಿನ ಭಾಷೆಯ ದಪ್ಪ ಲಕೋಟೆ ನೋಡಿ ಹೆದರಿ ಒಳಗಿಟ್ಟುಬಿಟ್ಟಿದ್ದರು. ಅವಧಿ ದಾಟಿತು. ಕೊನೆಗೆ ಇಬ್ಬರಿಗೂ ಸೇರಿ ಒಬ್ಬರೇ ಸರ್ವೇಯರ್ ಅಂತ ಒಪ್ಪಿಗೆಯಾಯಿತು, ಖರ್ಚು ಇವರದೇ. ಸರ್ವೇಯರ್ ಆಕೆಯ ಬೆಡ್‌ರೂಮಿನ ಗೋಡೆಯ ಪ್ರತಿ ಕೂದಲೆಳೆ ಬಿರುಕಿನ ಫೋಟೋ ತೆಗೆದರು. ಅದರಿಂದ ಇವರಿಗೇ ಲಾಭ. ಆಮೇಲೆ ಹಳೇ ಬಿರುಕು ಇವರ ತಲೆಗೆ ಬರುವುದಿಲ್ಲ. ನೋಟಿಸ್ ಕೊಡುವ ಮೊದಲು ಒಂದು ಸಂಜೆ ಚಹಾಕ್ಕೆ ಕರೆದು ನಕ್ಷೆ ತೋರಿಸಿ ಅಂತ ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ತೊಲೆ ಬಂದ ದಿನ ನಾನು ಅಲ್ಲಿದ್ದೆ. ಮೀಟರ್‌ಗೆ 25 ಕೆಜಿ ತೂಗುವ ತೊಲೆ, 6 ಮೀಟರ್ ಅಂದರೆ 150 ಕೆಜಿ. ಪಕ್ಕದ ಓಣಿ 90 ಸೆಂಟಿಮೀಟರ್, ಕ್ರೇನ್ ನಿಲ್ಲುವ ಮಾತೇ ಇಲ್ಲ. ಅದಕ್ಕೆ ಎಂಜಿನಿಯರ್ ಒಂದೊಂದು ತೊಲೆಯನ್ನೂ ಮೂರು ತುಂಡು ಮಾಡಿಸಿದ್ದರು, ತುದಿಯಲ್ಲಿ ದಪ್ಪ ಪಟ್ಟಿ, ಬೋಲ್ಟಿಗೆ ತೂತು. ಇಬ್ಬರು ಹುಡುಗರು ಹೆಗಲ ಮೇಲೆ ಬಟ್ಟೆ ಮಡಚಿಟ್ಟುಕೊಂಡು ಸಾರುವೆ ಏಣಿಯ ತಿರುವುಗಳಲ್ಲಿ ಒಂದೊಂದೇ ತುಂಡನ್ನು ಮೇಲೆ ಸಾಗಿಸಿದರು. ಮೇಲೆ ಸೂರಿನ ಹೆಂಚು ನಾಲ್ಕು ಸಾಲು ತೆಗೆದು ಕಿಂಡಿ ಮಾಡಿದ್ದರು. ಒಳಗೆ ಮೂರು ತುಂಡನ್ನೂ ಮರದ ದಿಮ್ಮಿಗಳ ಮೇಲೆ ಒಂದೇ ಗೆರೆಗೆ ತಂದು, ಮೊದಲು ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ, ಮಟ್ಟ ನೋಡಿ, ಆಮೇಲೆ ಬಿಗಿ ಮಾಡಿದರು. ತುದಿಗಳು ಗೋಡೆಯಲ್ಲಿ ಕಾಂಕ್ರೀಟ್ ದಿಂಡಿನ ಮೇಲೆ ಕೂತವು.

ಡಾರ್ಮರನ್ನು ಹಿಂದಕ್ಕೆ ಸರಿಸಿದ್ದಕ್ಕೆ ಇಲ್ಲಿ ಬೆಲೆ ತೆರಬೇಕಾಯಿತು. ಹಿಂದಿನ ಮೂಲೆಯಲ್ಲಿ ನೆತ್ತಿಯಿಂದ ಸೂರಿಗೆ ಓರೆಯಾಗಿ ಇಳಿಯುವ ಮೂಲೆ ಪಕಾಸಿ ಇರುತ್ತದೆ. ಎರಡೂ ಕಡೆಯ ಪಕಾಸಿಗಳು ಅದಕ್ಕೇ ಬಂದು ಸೇರುತ್ತವೆ. ಡಾರ್ಮರ್ ಅದನ್ನು ಮಧ್ಯದಲ್ಲೇ ಕತ್ತರಿಸುತ್ತದೆ. ಕತ್ತರಿಸುವ ಮೊದಲು ನೆಲದ ತೊಲೆ, ಅದರ ಮೇಲೆ ಕಂಬ, ಕಂಬದ ಮೇಲೆ ನೆತ್ತಿಯ ಕೆಳಗಿನ ಹೊಸ ತೊಲೆಯ ತುದಿ, ಈ ಕ್ರಮ ತಪ್ಪಬಾರದು. ಬಿಲ್ಡರ್ ಎಲ್ಲ ತೊಲೆ ಬಿಗಿಯಾಗುವವರೆಗೆ ಗರಗಸ ಮುಟ್ಟಲಿಲ್ಲ. ಒಳ್ಳೆಯ ಕೆಲಸಗಾರ ಅಂತ ನನಗೆ ಗೊತ್ತಾದದ್ದು ಅಲ್ಲಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೀರಿನ ಟ್ಯಾಂಕ್ ಹೋಯಿತು, ಟ್ಯಾಂಕ್ ಬೇಡದ ಕಾಂಬಿ ಬಾಯ್ಲರ್ ಬಂತು. ಶವರ್‌ನ ಕೊಳಚೆ ಪೈಪಿನ ಗಾಳಿಕೊಳವೆ ಡಾರ್ಮರ್ ಕಿಟಕಿಯಿಂದ 3 ಮೀಟರ್ ಒಳಗಿತ್ತು, ಹಾಗಾಗಿ ಕಿಟಕಿಯ ಮೇಲಂಚಿಗಿಂತ 90 ಸೆಂಟಿಮೀಟರ್ ಮೇಲಕ್ಕೆ ಎತ್ತಿದೆವು. ಮುಂದಿನ ಇಳಿಜಾರಿನಲ್ಲಿ ಎರಡು ಚಾವಣಿ ಕಿಟಕಿ, ಹೆಂಚಿನ ಮಟ್ಟದಿಂದ 15 ಸೆಂಟಿಮೀಟರ್‌ಗಿಂತ ಉಬ್ಬದಂತೆ.

ಶಾಖದ ಬಗ್ಗೆ ಮಾತ್ರ ಒಂದು ಮಾತು. ಇಲ್ಲಿನ ಬಿಲ್ಡರ್‌ಗಳು ಚಳಿಯನ್ನು ಮಾತ್ರ ನೆನೆದು ಇನ್ಸುಲೇಶನ್ ಹಾಕುತ್ತಾರೆ. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ 40.3 ಡಿಗ್ರಿ ದಾಖಲಾಯಿತು. ಅಂಥ ದಿನ ಅಟ್ಟದಲ್ಲಿ ಮಲಗಿದವರಿಗೆ ದಾವಣಗೆರೆಯ ಏಪ್ರಿಲ್ ನೆನಪಾಗುತ್ತದೆ. ಪಕ್ಕದ ಕಿಟಕಿಯ ಮೇಲಿನ ಸೀಳು ಮತ್ತು ಹಿಂದಿನ ದೊಡ್ಡ ಕಿಟಕಿ ಒಂದಕ್ಕೊಂದು ಗಾಳಿ ಎಳೆಯುವಂತೆ ಇಟ್ಟದ್ದು ಇದಕ್ಕೇ. ಆ ಸೀಳು 1.7 ಮೀಟರ್‌ಗಿಂತ ಮೇಲಿರುವುದರಿಂದ ತೆರೆಯಲು ಅಡ್ಡಿಯಿಲ್ಲ. ಮೆಟ್ಟಿಲ ಮೇಲಿನ ಬಿಸಿ ಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಸರ್ಟಿಫಿಕೇಟ್ ಸಿಗಲಿ ಅಂತ ಪೂರ್ತಿ ಬಂದ್ ಕಿಟಕಿ ಹಾಕಿಸುವವರು ಈ ಅನುಕೂಲವನ್ನು ಕೈಯಾರೆ ಬಿಡುತ್ತಾರೆ.

ದುಡ್ಡು

ಮೂರು ಕೊಟೇಶನ್ ಬಂದಿದ್ದವು: 56, 69 ಮತ್ತು 82 ಸಾವಿರ ಪೌಂಡ್. 56ರದ್ದು ನೋಡಿ ಯಜಮಾನರ ಮುಖ ಅರಳಿತ್ತು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ವ್ಯಾಟ್ ಬೇರೆ. ಇಂಥ ಕೆಲಸಕ್ಕೆ ವ್ಯಾಟ್ 20 ಪರ್ಸೆಂಟ್. ಸೇರಿಸಿದರೆ 67 ದಾಟಿತು. ಅದರಲ್ಲಿ ಬೆಂಕಿ ಬಾಗಿಲು ಇಲ್ಲ, ಹಾಲ್ ಗೋಡೆ ಇಲ್ಲ, ಸಾರುವೆ ಎಂಟು ವಾರಕ್ಕೆ ಮಾತ್ರ. 69ರದ್ದರಲ್ಲಿ ವ್ಯಾಟ್, ಬಾಗಿಲು, ಸಾರುವೆ ಎಲ್ಲ ಇತ್ತು, ಹಾಲ್ ಗೋಡೆ ಮಾತ್ರ ಬೇರೆ. ಅದನ್ನೇ ಆರಿಸಿಕೊಂಡರು. ಗೋಡೆ, ವೈರಿಂಗ್ ಬೋರ್ಡ್ ಬದಲಾವಣೆ, ಶವರ್‌ನ ದುಬಾರಿ ಟೈಲ್ಸ್ ಸೇರಿ 75ರ ಹತ್ತಿರ ಮುಗಿಯಿತು. ಎಂಜಿನಿಯರ್, ಸರ್ವೇಯರ್, ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡದ ನಿಯಮ ಪಾಲಿಸಿದ್ದಾರಾ ಅಂತ ತಪಾಸಣೆ ಮಾಡುವವರು) ಮತ್ತು ನನ್ನ ಶುಲ್ಕ ಇದರ ಹೊರಗೆ.

ಒಪ್ಪಂದದಲ್ಲಿ ಕೊನೆಯ 5 ಪರ್ಸೆಂಟ್ ಹಣವನ್ನು ಬಿಲ್ಡಿಂಗ್ ಕಂಟ್ರೋಲ್‌ನ ಕಂಪ್ಲೀಶನ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೊಡುವುದು ಅಂತ ಬರೆಸಿದ್ದೆವು. ಕೊನೇ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಪುಟ್ಟ ರೂಮಿನ ಬೆಂಕಿ ಬಾಗಿಲಿನ ಕೆಳಗೆ ಸಂದು ಜಾಸ್ತಿ ಇದೆ ಅಂತ ಬರೆದರು. ಕಾರ್ಪೆಟ್ ಹಾಕಿದ ಮೇಲೆ ಬಾಗಿಲು ಉಜ್ಜಬಾರದು ಅಂತ ಬಡಗಿ ಜಾಸ್ತಿಯೇ ಕೊರೆದಿದ್ದ. ಹೊಸ ಬಾಗಿಲು ಬರುವವರೆಗೆ ಮೂರು ವಾರ ಸರ್ಟಿಫಿಕೇಟೂ ಇಲ್ಲ, ಬಿಲ್ಡರ್‌ಗೆ ದುಡ್ಡೂ ಇಲ್ಲ. ಬಾಗಿಲು ಬಂದ ಮರುದಿನವೇ ಹಾಕಿಸಿದ, ಆ ವಾರವೇ ಸರ್ಟಿಫಿಕೇಟ್ ಬಂತು, ಉಳಿದ ಹಣ ಹೋಯಿತು.